ಬೊಡ್ಡೆ ನೋಡಿ ಅಡೇನಿಯಂ ಹೆಸರು ಹೇಳಬೇಡಿ

ಅಡೇನಿಯಂ ಎಂಬ ಉಬ್ಬಿದ ಬುಡದ ಹೂಗಿಡವನ್ನು ಕೊಂಡು ತಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರ ಜಾತಿ ಒಬೇಸಮ್ಮೋ ಅರಾಬಿಕಮ್ಮೋ? ಜೊತೆಗೆ ಕಳಿಸುವ ಫೋಟೋದಲ್ಲಿ ಬೊಡ್ಡೆಯೊಂದೇ ಇರುತ್ತದೆ. ಎಲೆ ಅರ್ಧಂಬರ್ಧ ಕಾಣುತ್ತದೆ, ಹೂವಂತೂ ಇರುವುದೇ ಇಲ್ಲ. ಬೊಡ್ಡೆ ಎಷ್ಟೇ ಚೆಂದವಾಗಿದ್ದರೂ ಜಾತಿಯ ವಿಷಯದಲ್ಲಿ ಅದರ ಸಾಕ್ಷಿ ದುರ್ಬಲ. ಯಾವ ಕುಂಡದಲ್ಲಿ ಬೆಳೆಯಿತು, ಎಷ್ಟು ಆಳಕ್ಕೆ ನೆಟ್ಟಿದ್ದರು, ತಾಯಿಬೇರನ್ನು ಯಾವಾಗ ಕತ್ತರಿಸಿದರು, ಬಿಸಿಲು ಸಾಲುತ್ತಿತ್ತೋ ಇಲ್ಲವೋ ಎಂಬುದನ್ನೆಲ್ಲ ಬೊಡ್ಡೆ ಹೇಳುತ್ತದೆ. ಜಾತಿ ತಿಳಿಯಬೇಕಾದರೆ ಎಲೆ, ಹೂವು, ಎಲೆ ಉದುರಿಸುವ ಕಾಲ ಈ ಮೂರನ್ನು ನೋಡಬೇಕು. ಬೆಳೆಸುವ ಕೆಲಸ ಮತ್ತು ಗುರುತಿಸುವ ಕೆಲಸ ಇಲ್ಲಿ ಬೇರೆ ಬೇರೆಯಲ್ಲ. ಒಂದು ಸರಿಯಾಗಿ ತಿಳಿಯದೆ ಇನ್ನೊಂದು ಕೂಡಿಬರುವುದಿಲ್ಲ.

ಕಾಡೆಕ್ಸ್ ಎಂದು ಎಲ್ಲರೂ ಕರೆಯುವ ಈ ಬೊಡ್ಡೆ ಎರಡು ಭಾಗಗಳ ಕೂಡಿಕೆ. ಬೀಜ ಮೊಳೆತಾಗ ಬೀಜದಳಗಳ ಕೆಳಗಿರುವ ಪುಟ್ಟ ಕಾಂಡ ಉಬ್ಬಿ ನಿಲ್ಲುತ್ತದೆ, ಅದು ಮೇಲಿನ ಭಾಗ. ಅದರ ಕೆಳಗೆ ದಪ್ಪಗಾಗುವ ಬೇರುಗಳು ಎರಡನೆಯದು. ಅಂಗಡಿಯಲ್ಲಿ ಕಾಣುವ ಹಿರಿಯ ಗಿಡಗಳ ಬೊಡ್ಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಾಗಿ ಬೇರಿನ ಭಾಗವೇ. ವರ್ಷ ವರ್ಷ ಮೇಲೆತ್ತಿ ನೆಟ್ಟು ಅದನ್ನು ಹೊರಗೆ ತಂದಿರುತ್ತಾರೆ. ಕಡ್ಡಿ ನೆಟ್ಟು ಬೆಳೆಸಿದ ಗಿಡಕ್ಕೆ ಆ ಉಬ್ಬಿದ ಕಾಂಡ ಹುಟ್ಟಿನಿಂದಲೇ ಇಲ್ಲ. ಕೆಲವು ವರ್ಷಗಳಲ್ಲಿ ಬೇರುಗಳು ದಪ್ಪಗಾಗಬಹುದು, ಆದರೆ ಬುಡದಿಂದ ಕಾಂಡ ಕಂಬದಂತೆ ನೇರ ಎದ್ದಿರುತ್ತದೆ. ಬೊಡ್ಡೆಯ ಆಸೆಯಿದ್ದವರು ಬೀಜದ ಗಿಡವನ್ನೇ ಕೊಳ್ಳಬೇಕು.

ಇನ್ನೊಂದು ಗೊಂದಲ ಕಸಿಯದು. ಎರಡು ಮೂರು ಸುತ್ತು ದಳಗಳ ಹೂ, ಹಳದಿ ಹೂ, ಕಪ್ಪು ಅಂಚಿನ ಹೂ ಬಿಡುವ ಗಿಡಗಳಲ್ಲಿ ಬಹುಪಾಲು ಕಸಿ ಮಾಡಿದವು. ತೈವಾನ್, ಥಾಯ್ಲೆಂಡ್‌ಗಳಲ್ಲಿ ಆಯ್ದು ತೆಗೆದ ತಳಿಯ ಕೊಂಬೆಯನ್ನು ಬೀಜದಿಂದ ಬಂದ ಸಾಧಾರಣ ಒಬೇಸಂ ಬೊಡ್ಡೆಯ ಮೇಲೆ ಕೂರಿಸಿರುತ್ತಾರೆ. ಅಂದರೆ ಬೊಡ್ಡೆ ಒಂದು ಗಿಡದ್ದು, ಹೂ ಇನ್ನೊಂದರದ್ದು. ಕೊಂಬೆ ಹುಟ್ಟುವ ಕಡೆ ಇಂಗ್ಲಿಷಿನ ವಿ ಆಕಾರದ ಗಾಯದ ಗುರುತೋ ಅಡ್ಡಗೆರೆಯೋ ಇದ್ದರೆ, ಅಲ್ಲಿಂದ ಮೇಲೆ ಕೆಳಗೆ ತೊಗಟೆಯ ಬಣ್ಣ ಬೇರೆಯಿದ್ದರೆ ಅದು ಕಸಿ. ಆ ಗುರುತಿನ ಕೆಳಗಿನಿಂದ ಚಿಗುರು ಬಂದರೆ ತಕ್ಷಣ ಮುರಿದು ಹಾಕಿ. ಬಿಟ್ಟರೆ ಕೆಳಗಿನ ಬೊಡ್ಡೆಯ ಚಿಗುರೇ ಜೋರಾಗಿ, ದುಡ್ಡು ಕೊಟ್ಟು ತಂದ ಹೂ ಮಾಯವಾಗುತ್ತದೆ. ಅಂದಹಾಗೆ ನೀಲಿ ಅಡೇನಿಯಂ ಬೀಜ ಎಂದು ಅಂತರ್ಜಾಲದಲ್ಲಿ ಮಾರುವವರಿದ್ದಾರೆ. ನೀಲಿ ಅಡೇನಿಯಂ ಇಲ್ಲ. ಬಣ್ಣದ ಫೋಟೋ ತೋರಿಸಿ ಮಾರುವ ಉಳಿದ ಬೀಜಗಳೂ ತಾಯಿಯಂತೆ ಹೂ ಬಿಡುತ್ತವೆಂಬ ಖಾತರಿಯಿಲ್ಲ.

ಈಗ ಜಾತಿಗಳ ಮಾತು. ಅಡೇನಿಯಂ ಕಣಗಿಲೆಯ ಕುಟುಂಬದ್ದು. ದೇವಕಣಗಿಲೆ, ನಂದಿಬಟ್ಟಲು ಇದರ ನೆಂಟರು. ಸ್ವೀಡನ್ನಿನ ಪೀಟರ್ ಫೋರ್ಸ್‌ಕಲ್ ಡೆನ್ಮಾರ್ಕ್ ದೊರೆ ಕಳಿಸಿದ ತಂಡದ ಜೊತೆ ಯೆಮನ್‌ಗೆ ಹೋಗಿ ಈ ಗಿಡವನ್ನು ಕಂಡವನು, 1763ರಲ್ಲಿ ಅಲ್ಲೇ ಜ್ವರ ಬಂದು ತೀರಿಕೊಂಡ. ಅವನ ಟಿಪ್ಪಣಿಗಳು 1775ರಲ್ಲಿ ಅಚ್ಚಾದಾಗ ಗಿಡ ಕಣಗಿಲೆಯ ಕುಲದಲ್ಲೇ ಸೇರಿತ್ತು. ಅಡೇನಿಯಂ ಎಂಬ ಪ್ರತ್ಯೇಕ ಕುಲವಾದದ್ದು 1819ರಲ್ಲಿ. ಎಷ್ಟು ಜಾತಿ ಎಂಬ ಜಗಳ ಇನ್ನೂ ಮುಗಿದಿಲ್ಲ. ಅರಾಬಿಕಂ, ಸೊಮಾಲೆನ್ಸ್ ಮುಂತಾದವನ್ನು ಒಬೇಸಮ್ಮಿನ ಒಳಗೇ ಸೇರಿಸುವ ಸಸ್ಯವಿಜ್ಞಾನಿಗಳಿದ್ದಾರೆ. ಬೆಳೆಸುವವರಿಗೆ ಮಾತ್ರ ಹೆಸರುಗಳನ್ನು ಬೇರೆ ಇಟ್ಟುಕೊಳ್ಳುವುದೇ ವಾಸಿ, ಏಕೆಂದರೆ ನಡವಳಿಕೆ ಬೇರೆ ಬೇರೆ.

ನಮ್ಮ ನರ್ಸರಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಒಬೇಸಂ ಅಥವಾ ಅದರ ಮಿಶ್ರತಳಿ ಎಂದುಕೊಂಡರೆ ತಪ್ಪಾಗಲಾರದು. ಎಲೆ ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು, ಮೇಲ್ಮೈ ನುಣುಪು. ಹೂವಿನ ಅಂಚು ಗಾಢ ಗುಲಾಬಿ, ಗಂಟಲಿನ ಕಡೆಗೆ ಬಿಳಿಚುತ್ತದೆ. ಹೂವಿನ ನಡುವೆ ಎದ್ದು ಕಾಣುವ ಐದು ನವಿರು ಬಾಲಗಳನ್ನು ಗಮನಿಸಿ: ಪರಾಗಕೋಶಗಳ ತುದಿ ಎಳೆದಂತೆ ಉದ್ದವಾಗಿ ಆದವು ಅವು. ಒಬೇಸಮ್ಮಿನಲ್ಲಿ ಅವು ಗಂಟಲಿನ ಬಾಯಿಯವರೆಗೆ ಬರುತ್ತವೆ ಅಥವಾ ಹೊರಗೇ ಇಣುಕುತ್ತವೆ. ಮುಂದೆ ಬರುವ ಸ್ವಾಜಿಕಂ ಮತ್ತು ಬೋಹ್ಮಿಯಾನಂ ಜಾತಿಗಳಲ್ಲಿ ಬಾಲಗಳು ಗಿಡ್ಡ, ಕೊಳವೆಯೊಳಗೇ ಉಳಿಯುತ್ತವೆ. ಬರಿಗಣ್ಣಿಗೆ ಕಾಣುವ ಈ ಒಂದು ಗುರುತು ಬೊಡ್ಡೆಯ ಹತ್ತು ಫೋಟೋಗಳಿಗಿಂತ ಮೇಲು.

ಸೌದಿ ಅರೇಬಿಯಾ ಮತ್ತು ಯೆಮನ್ನಿನ ಅರಾಬಿಕಂ ಬುಡದಿಂದಲೇ ಹಲವು ಕವಲು ಒಡೆದು ಎತ್ತರಕ್ಕಿಂತ ಅಗಲಕ್ಕೆ ಬೆಳೆಯುತ್ತದೆ. ಎಲೆ ದೊಡ್ಡದು, ಹಲವು ಗಿಡಗಳಲ್ಲಿ ಎಲೆಯ ಮೇಲೆ ಮಖಮಲ್ಲಿನಂಥ ರೋಮವಿರುತ್ತದೆ. ಹೂವು ಒಬೇಸಮ್ಮಿನದಕ್ಕಿಂತ ಚಿಕ್ಕದು. ಆದರೆ ಎಳೆಯ ಒಬೇಸಮ್ಮಿನ ತಲೆ ಕತ್ತರಿಸಿ, ಬೇರನ್ನು ಹಂಚಿನ ಮೇಲೆ ಹರಡಿ ಬೆಳೆಸಿದರೆ ಅದೂ ಥೇಟು ಹೀಗೇ ಅಗಲವಾಗಿ ಕೂರುತ್ತದೆ. ಮೇಲೆ ಹೇಳಿದ ಎಚ್ಚರಿಕೆ ಇದಕ್ಕೇ.

ಸೊಮಾಲೆನ್ಸ್ ಸೊಮಾಲಿಯಾ, ಕೀನ್ಯಾ ಕಡೆಯದು. ಎಲೆ ಕಿರಿದು, ನರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಹೂವಿನ ಗಂಟಲಲ್ಲಿ ಕೆಂಪು ಗೆರೆಗಳು ಸ್ಪಷ್ಟ. ಅದರ ಕುಳ್ಳ ರೂಪ ಕ್ರಿಸ್ಪಂ: ಎಲೆಯಂಚು ಅಲೆಅಲೆಯಾಗಿರುತ್ತದೆ, ಗೆಡ್ಡೆ ಮಣ್ಣಿನ ಕೆಳಗೆ ಮೂಲಂಗಿಯಂತೆ ಇಳಿಯುತ್ತದೆ. ಮಲ್ಟಿಫ್ಲೋರಂ ದಕ್ಷಿಣ ಆಫ್ರಿಕಾದ ಕ್ರೂಗರ್ ಅರಣ್ಯ, ಮೊಜಾಂಬಿಕ್, ಜಿಂಬಾಬ್ವೆಗಳದು. ಚಳಿಗಾಲದಲ್ಲಿ ಎಲೆಯನ್ನೆಲ್ಲ ಕಳೆದುಕೊಂಡು ಬರಿಗೊಂಬೆಯ ಮೇಲೆ ಬಿಳಿ ದಳ, ಕೆಂಪು ಸುಕ್ಕಂಚಿನ ಹೂ ಬಿಡುತ್ತದೆ. ನೀರು ಗೊಬ್ಬರ ಎಷ್ಟು ಕೊಟ್ಟರೂ ಎಲೆ ಉದುರಿಸಿ ಮಲಗಿಯೇ ತೀರುವ ಗಿಡ ಇದು. ಎಸ್ವಾಟಿನಿ (ಹಿಂದಿನ ಸ್ವಾಜಿಲ್ಯಾಂಡ್) ಸುತ್ತಮುತ್ತಲ ಸ್ವಾಜಿಕಮ್ಮಿನ ಎಲೆ ತಿಳಿಹಸಿರು, ನಡುನರದ ಗುಂಟ ದೋಣಿಯಂತೆ ಮಡಿಚಿಕೊಂಡಿರುತ್ತದೆ. ಹೂ ಅಂಚಿನಿಂದ ಗಂಟಲವರೆಗೆ ಒಂದೇ ನೇರಳೆಗುಲಾಬಿ, ಬಿಳಿಚುವುದಿಲ್ಲ. ನಮೀಬಿಯಾ, ಅಂಗೋಲಾಗಳ ಬೋಹ್ಮಿಯಾನಂ ಮತ್ತು ಕಲಹಾರಿಯ ಸಣ್ಣೆಲೆಯ ಒಲಿಯಿಫೋಲಿಯಂ ಇಲ್ಲಿ ಸಂಗ್ರಹಕಾರರ ಮನೆಯ ಹೊರತು ಕಾಣಸಿಗುವುದು ಅಪರೂಪ.

ಸೊಕೊಟ್ರಾನಂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ದುಡ್ಡು ಹೋಗುವುದು ಅಲ್ಲೇ. ನಿಜವಾದ ಸೊಕೊಟ್ರಾನಂ ಯೆಮನ್‌ಗೆ ಸೇರಿದ ಸೊಕೊಟ್ರಾ ದ್ವೀಪದಲ್ಲಿ ಮಾತ್ರ ಹುಟ್ಟುವುದು. ಬಹು ನಿಧಾನ, ಎಳೆಯ ವಯಸ್ಸಿಗೆ ಹೂ ಬಿಡುವುದಿಲ್ಲ, ಮುದಿಯಾದರೆ ಕೆಲವು ಮೀಟರ್ ಎತ್ತರದ ಶಂಕುವಿನಾಕಾರದ ಬೊಡ್ಡೆ. ಎಲೆ ಕಡುಹಸಿರು, ಹೊಳಪಿನದು, ನಡುನರ ಬಿಳಿ. ಮಾರುಕಟ್ಟೆಯಲ್ಲಿ ಥಾಯ್ ಸೊಕೊ ಎಂದು ಸಿಗುವುದು ಇದಲ್ಲ. ಅದು ಥಾಯ್ಲೆಂಡಿನವರು ತಲೆತಲಾಂತರ ಆಯ್ದು ಬೆಳೆಸಿದ ಅರಾಬಿಕಂ ಗುಂಪಿನ ತಳಿ. ಬೇಗ ಬೆಳೆಯುತ್ತದೆ, ಒತ್ತೊತ್ತಾಗಿ ಕವಲೊಡೆಯುತ್ತದೆ, ಬೊನ್ಸಾಯ್‌ನಂಥ ರೂಪಕ್ಕೆ ಸೊಗಸಾಗಿ ಒಗ್ಗುತ್ತದೆ. ಒಳ್ಳೆಯ ಗಿಡವೇ, ಬೇಕಾದರೆ ಕೊಳ್ಳಿ. ದ್ವೀಪದ ಅಪರೂಪದ ಜಾತಿಯ ಬೆಲೆ ಮಾತ್ರ ಕೊಡಬೇಡಿ. ಎರಡು ವರ್ಷದ ಸೊಕೊಟ್ರಾನಂ ಹೂ ಬಿಟ್ಟಿದೆ ಎಂದು ಯಾರಾದರೂ ತೋರಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಅಡೇನಿಯಮ್ಮೇ ಅಲ್ಲದವನ್ನು ಬೇರ್ಪಡಿಸುವುದು ಸುಲಭ. ಮುಳ್ಳಿದ್ದರೆ ಅದು ಪ್ಯಾಕಿಪೋಡಿಯಂ ಎಂಬ ಬೇರೆ ಕುಲ. ಸೀಸೆಯಂಥ ಬುಡ, ಅಂಗೈ ಅಗಲದ ಸೀಳೆಲೆ, ಹವಳಗೆಂಪು ಹೂಗೊಂಚಲು ಇದ್ದರೆ ಮಧ್ಯ ಅಮೆರಿಕದ ಜಟ್ರೋಫಾ. ಎಲೆಯ ಅಂಚಿನುದ್ದಕ್ಕೂ ಒಂದು ನರ ಸುತ್ತುವರಿದಿದ್ದರೆ ಅದು ದೇವಕಣಗಿಲೆಯ ಸಸಿ.

ಬೆಳೆಸುವ ವಿಚಾರಕ್ಕೆ ಬಂದರೆ ಬೀಜ ತಾಜಾ ಆಗಿರಬೇಕು, ಇದೊಂದೇ ದೊಡ್ಡ ಷರತ್ತು. ತಿಂಗಳುಗಳು ಕಳೆದಂತೆ ಮೊಳೆಯುವ ಪ್ರಮಾಣ ಇಳಿಯುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬಿತ್ತಿ, ಮಳೆಗಾಲಕ್ಕೆ ಮುಂಚೆ ಸಸಿ ಗಟ್ಟಿಯಾಗಬೇಕು. ಕಡ್ಡಿಯಂಥ ಬೀಜವನ್ನು ಅಡ್ಡ ಮಲಗಿಸಿ ಅರ್ಧ ಸೆಂಟಿಮೀಟರ್ ಮರಳು ಮುಚ್ಚಿ. 27ರಿಂದ 32 ಡಿಗ್ರಿ ಬಿಸಿಯಲ್ಲಿ ವಾರದೊಳಗೆ ಮೊಳೆಯುತ್ತದೆ. ಮೊಳೆತ ಮೇಲೂ ಟ್ರೇ ಮೇಲೆ ಪ್ಲಾಸ್ಟಿಕ್ ಮುಚ್ಚಿಟ್ಟರೆ ಕತ್ತು ಕೊಳೆತು ಸಾಲುಸಾಲಾಗಿ ಮಲಗುತ್ತವೆ. ಮುಚ್ಚಳ ತೆಗೆದು ಗಾಳಿ, ಬೆಳಗಿನ ಬಿಸಿಲು ಕೊಡಿ. ನಾಲ್ಕರಿಂದ ಆರು ಎಲೆ ಬಂದಾಗ ಬೇರೆ ಬೇರೆ ಕುಂಡಕ್ಕೆ ಬದಲಿಸಬಹುದು.

ಕುಂಡಕ್ಕೆ ತುಂಬುವ ಮಿಶ್ರಣದಲ್ಲಿ ಕೆಮ್ಮಣ್ಣಿಗೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರು ಸುತ್ತಿನ ಕೆಮ್ಮಣ್ಣು ಕುಂಡದಲ್ಲಿ ಎರಡು ಮಳೆ ಕಂಡರೆ ಇಟ್ಟಿಗೆಯಾಗುತ್ತದೆ. ನಾಲ್ಕು ಪಾಲು ಸಿಂಡರ್ (ಸುಟ್ಟ ಕಲ್ಲಿದ್ದಲಿನ ಗಟ್ಟಿ ಚೂರು) ಅಥವಾ ಇಟ್ಟಿಗೆ ಚೂರು, ಎರಡು ಪಾಲು ದಪ್ಪ ಮರಳು, ಎರಡು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು, ಹತ್ತಿಂಚು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ: ಇದು ಒಳನಾಡಿಗೆ ಸರಿಹೋಗುತ್ತದೆ. ಸಿಂಡರ್ ಚೂರುಗಳು ನಾಲ್ಕರಿಂದ ಎಂಟು ಮಿಲಿಮೀಟರ್ ಇರಲಿ, ದೂಳನ್ನು ಜರಡಿ ಹಿಡಿದು ತೊಳೆದುಬಿಡಿ. ಎಂ-ಸ್ಯಾಂಡ್ ಬಳಸುವುದಾದರೆ ಅದನ್ನೂ ತೊಳೆಯಬೇಕು, ಅದರ ಹಿಟ್ಟಿನಂಥ ದೂಳು ನೀರಿಳಿಯುವ ದಾರಿಯನ್ನೇ ಮುಚ್ಚುತ್ತದೆ. ಕರಾವಳಿಯವರು ಗೊಬ್ಬರದ ಪಾಲನ್ನು ಒಂದಕ್ಕೆ ಇಳಿಸಿ. ನರ್ಸರಿಯಿಂದ ಬಂದ ಗಿಡದ ಬೇರಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಂಟಿದ್ದರೆ ಪೂರ್ತಿ ಬಿಡಿಸಿ. ಹೊರಗೆ ಒಣಗಿದಂತೆ ಕಂಡರೂ ಅದರ ಗರ್ಭದಲ್ಲಿ ನೀರು ನಿಂತಿರುತ್ತದೆ. ಕುಂಡದ ಮೇಲೆ ಸುರಿದ ನೀರು ಕೆಲವೇ ಸೆಕೆಂಡಿನಲ್ಲಿ ಕೆಳಗೆ ಹರಿದು ಬಂದರೆ ಮಿಶ್ರಣ ಸರಿಯಾಗಿದೆ.

ಬೊಡ್ಡೆ ದಪ್ಪಗಾಗುವುದು ಮಣ್ಣಿನೊಳಗೆ. ಮೇಲೆತ್ತಿ ನೆಟ್ಟರೆ ದಪ್ಪಗಾಗುತ್ತದೆ ಎಂಬ ನಂಬಿಕೆ ತಲೆಕೆಳಗು. ಎತ್ತುವುದರಿಂದ ಇರುವುದು ಕಾಣಿಸುತ್ತದೆ, ಅಷ್ಟೇ. ಮೊದಲ ಒಂದೂವರೆ ಎರಡು ವರ್ಷ ಬೊಡ್ಡೆಯನ್ನು ಮಣ್ಣಲ್ಲೇ ಇಟ್ಟು, ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು ಮತ್ತು ಬೆಳೆಯುವ ಕಾಲದಲ್ಲಿ ಧಾರಾಳ ನೀರು ಕೊಡಿ. ಮರುಭೂಮಿಯ ಗಿಡ ಎಂದು ಬೇಸಿಗೆಯಲ್ಲೂ ಹನಿ ಲೆಕ್ಕದಲ್ಲಿ ನೀರು ಹಾಕುವವರ ಗಿಡ ಬದುಕಿರುತ್ತದೆ, ಬೆಳೆಯುವುದಿಲ್ಲ. ಮಾರ್ಚಿಯಿಂದ ಮೇವರೆಗೆ, ಎಲೆ ತುಂಬಿದ ಗಿಡಕ್ಕೆ, ತಾರಸಿಯ ಬಿಸಿಲಲ್ಲಿ ದಿನ ಬಿಟ್ಟು ದಿನ ಕುಂಡದ ತಳದಿಂದ ಹರಿಯುವಷ್ಟು ನೀರು ಬೇಕು. ಎರಡು ವಾರಕ್ಕೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರ್ ನೀರಿಗೆ ಒಂದು ಗ್ರಾಂ ಸಾಕು. ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ಕೊಂಬೆಗಳು ಸೊಟ್ಟಪಟ್ಟ ನೀಳುತ್ತವೆ, ಬೊಡ್ಡೆ ಬಿರುಕು ಬಿಡುವುದೂ ಉಂಟು.

ಬೇರುಗಳು ಬೊಡ್ಡೆಯ ಸುತ್ತ ಸಮವಾಗಿ ಹರಡಬೇಕಾದರೆ ಸಸಿಗೆ ಆರೇಳು ತಿಂಗಳಿಂದ ಒಂದು ವರ್ಷ ಆಗಿರುವಾಗ ತಾಯಿಬೇರನ್ನು ಕತ್ತರಿಸಬೇಕು. ಗಿಡವನ್ನು ಒಣ ಮಣ್ಣಿನಿಂದ ಕಿತ್ತು, ತೊಳೆದು, ಉಬ್ಬಿದ ಭಾಗ ಮುಗಿದು ಬೇರು ಸಣ್ಣಗಾಗುವ ಕಡೆ ಹರಿತವಾದ ಬ್ಲೇಡಿನಿಂದ ಸಮತಟ್ಟಾಗಿ ಕೊಯ್ಯಿರಿ. ನೆರಳಲ್ಲಿ ಐದಾರು ದಿನ ಬಿಟ್ಟರೆ ಕೊಯ್ದ ಮುಖ ಒಣಗಿ ಹಪ್ಪಳದಂತಾಗುತ್ತದೆ. ಆಮೇಲೆ ಅದರಡಿಗೆ ಹಳೆಯ ಸಿ.ಡಿ.ಯೋ ಚಪ್ಪಟೆ ಹಂಚೋ ಇಟ್ಟು, ಅಗಲವಾದ ಆಳವಿಲ್ಲದ ಕುಂಡದಲ್ಲಿ ನೆಡಿ. ಕೆಳಗಿಳಿಯಲು ದಾರಿ ಸಿಗದ ಹೊಸ ಬೇರುಗಳು ಅಡ್ಡಲಾಗಿ ಚಾಚುತ್ತವೆ. ನೆಟ್ಟು ವಾರದ ತನಕ ನೀರು ಕೂಡದು. ಮುಂದಿನ ವರ್ಷಗಳಲ್ಲಿ ಕುಂಡ ಬದಲಿಸುವಾಗ ಒಂದೊಂದು ಸಲಕ್ಕೆ ಎರಡು ಮೂರು ಸೆಂಟಿಮೀಟರ್ ಮಾತ್ರ ಎತ್ತಿ, ಹೊರಬಂದ ಭಾಗದ ಸಣ್ಣ ಬೇರುಗಳನ್ನು ಸವರಿ. ಮಣ್ಣೊಳಗಿದ್ದ ಚರ್ಮ ಎಳೆಯದು, ಪಶ್ಚಿಮದ ಬಿಸಿಲಿಗೆ ಸುಟ್ಟು ಬೆಳ್ಳಗಾಗಿ ಆಮೇಲೆ ಗುಳಿ ಬೀಳುತ್ತದೆ. ಎರಡು ಮೂರು ವಾರ ಹಸಿರು ಬಲೆಯ ನೆರಳು ಬೇಕು.

ಗಿಡ ಸಾಯುವುದು ಹೆಚ್ಚಾಗಿ ಚಳಿಗಾಲದಲ್ಲಿ, ಆದರೆ ಚಳಿಯಿಂದಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಹದಿನೈದು ಡಿಗ್ರಿ ಆಸುಪಾಸಿಗೆ ಬರುತ್ತದೆ, ಬೀದರ್ ಕಡೆ ಹತ್ತರ ಕೆಳಗೂ ಇಳಿಯುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಗಾಬರಿಯಾದವರು ನೀರು ಹೆಚ್ಚಿಸುತ್ತಾರೆ. ಎಲೆಯಿಲ್ಲದ ಗಿಡ ನೀರು ಎಳೆಯುವುದಿಲ್ಲ, ತಣ್ಣನೆಯ ಒದ್ದೆ ಮಿಶ್ರಣದಲ್ಲಿ ಬೇರು ಕೊಳೆಯುತ್ತದೆ. ಎಲೆ ಉದುರಿದ ಗಿಡಕ್ಕೆ ಎರಡು ಮೂರು ವಾರಕ್ಕೊಮ್ಮೆ, ಬೆಳಗ್ಗೆ, ಸ್ವಲ್ಪವೇ ನೀರು ಕೊಟ್ಟರೆ ಸಾಕು. ಮಳೆಗಾಲದ ಲೆಕ್ಕವೂ ಊರಿಂದೂರಿಗೆ ಬೇರೆ. ಚಿತ್ರದುರ್ಗದಲ್ಲಿ ಹೊರಗೇ ಬಿಡಬಹುದು. ವರ್ಷಕ್ಕೆ 3,500 ಮಿಲಿಮೀಟರ್ ಆಚೀಚೆ ಮಳೆ ಬೀಳುವ ಮಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರದರ್ಶಕ ಶೀಟಿನ ಚಾವಣಿ ಇಲ್ಲದೆ ಬೆಳೆಸುವುದು ಹಟಮಾರಿತನ.

ಬೊಡ್ಡೆ ಮೆತ್ತಗಾಗಿದೆ ಎಂದಾಕ್ಷಣ ಕೊಳೆತಿದೆ ಎಂದಲ್ಲ. ಬಾಯಾರಿದ ಬೊಡ್ಡೆ ಸುತ್ತಲೂ ಸಮವಾಗಿ ಮೆತ್ತಗಿರುತ್ತದೆ, ಚರ್ಮ ಸುಕ್ಕಾಗಿರುತ್ತದೆ, ನೀರು ಕಂಡ ಕೆಲವು ದಿನಗಳಲ್ಲಿ ಬಿಗಿಯಾಗುತ್ತದೆ. ಕೊಳೆತದ್ದು ಒಂದೇ ಕಡೆ ಕುಸಿದಿರುತ್ತದೆ, ಒತ್ತಿದರೆ ಕಂದು ರಸ ಬರುತ್ತದೆ, ವಾಸನೆ ಇರುತ್ತದೆ. ಆಗ ಕಿತ್ತು ತೊಳೆದು ಕೊಯ್ಯುವುದೊಂದೇ ದಾರಿ. ಒಂದೊಂದು ಪದರ ತೆಗೆದಾಗಲೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲವಾದರೆ ಚಾಕುವೇ ರೋಗವನ್ನು ಒಳಕ್ಕೆ ಒಯ್ಯುತ್ತದೆ. ಕೊಯ್ದ ಮುಖ ಕೆನೆಬಿಳಿಯಾಗಿ, ಅಂಚಿನಲ್ಲಿ ರಸ ಮಣಿಮಣಿಯಾಗಿ ಜಿನುಗಬೇಕು. ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಉಳಿದರೂ ಕೆಲಸ ಮುಗಿದಿಲ್ಲ, ಆ ಚುಕ್ಕೆಯ ಹಿಂದೆ ಒಂದು ದಾರವೇ ಇರುತ್ತದೆ. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಗಟ್ಟಿಯಾಗಿ ಕಲಸಿ ಬಳಿದು, ಏಳರಿಂದ ಹತ್ತು ದಿನ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ, ಒಣ ಮಿಶ್ರಣದಲ್ಲಿ ನೆಡಿ. ಗುಳಿ ಬಿದ್ದ ಭಾಗದಲ್ಲಿ ನೀರು ನಿಲ್ಲದಂತೆ ಓರೆಯಾಗಿ ಕೊಯ್ದಿದ್ದರೆ ಗಾಯ ಬೇಗ ಮಾಯುತ್ತದೆ.

ಹೂವಿಗಾಗಿ ಸವರುವ ಕಾಲ ಫೆಬ್ರವರಿ ಕೊನೆ, ಮಾರ್ಚಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಕತ್ತರಿಸಲು ಕನಿಕರ ಬೇಡ. ಮೋಡ ಕವಿದ ದಿನ ಮಾತ್ರ ಕತ್ತರಿ ಮುಟ್ಟಬಾರದು. ಕೊಯ್ದ ತುದಿಯಿಂದ ನೀರಿಳಿದರೆ ಕೊಂಬೆ ಮೇಲಿನಿಂದ ಕೊಳೆಯುತ್ತ ಬರುತ್ತದೆ. ಹಿಟ್ಟುತಿಗಣೆ, ಜೇಡನುಸಿ ಇದ್ದದ್ದೇ, ಬೇವಿನೆಣ್ಣೆ ಸಾಬೂನಿನ ದ್ರಾವಣಕ್ಕೆ ಬಗ್ಗುತ್ತವೆ. ನುಸಿಗಾದರೆ ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಬೇಕು. ಒಂದೇ ರಾತ್ರಿಯಲ್ಲಿ ಎಲೆಯೆಲ್ಲ ಖಾಲಿಯಾಗಿ, ಕುಂಡದ ಅಂಚಿನಲ್ಲಿ ಮೆಣಸಿನ ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ಅದು ಕಣಗಿಲೆ ಪತಂಗದ ಹುಳು. ಬೆರಳುದ್ದದ ಹಸಿರು ಮೈ, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಚುಕ್ಕೆ. ಔಷಧಿ ಬೇಕಿಲ್ಲ, ಟಾರ್ಚು ಹಿಡಿದು ಹುಡುಕಿ ತೆಗೆದರೆ ಮುಗಿಯಿತು. ಇಷ್ಟೆಲ್ಲ ಕೊಯ್ಯುವಾಗ ಕೈಗವಸು ಇರಲಿ. ಈ ಗಿಡದ ರಸದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಆಫ್ರಿಕಾದಲ್ಲಿ ಇದನ್ನು ಬಾಣಕ್ಕೆ ಹಚ್ಚಿ ಬೇಟೆಯಾಡುತ್ತಿದ್ದರು. ಮಕ್ಕಳು, ನಾಯಿ, ಮೇಕೆ ಬಾಯಿ ಹಾಕದ ಎತ್ತರದಲ್ಲಿ ಕುಂಡ ಇಡಿ, ಕಣ್ಣಿಗೆ ಸಿಡಿದರೆ ತುಂಬಾ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಸ್ವಂತ ಬೀಜ ಬೇಕೆನ್ನುವವರು ಎರಡು ಬೇರೆ ಗಿಡಗಳ ಹೂ ಹೊಂದಿಸಿಕೊಳ್ಳಬೇಕು, ತನ್ನದೇ ಪರಾಗಕ್ಕೆ ಅಡೇನಿಯಂ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಒಂದು ಹೂವಿನ ದಳಗಳನ್ನು ಕಿತ್ತರೆ ಐದು ಪರಾಗಕೋಶಗಳು ಒಟ್ಟಾಗಿ ಗೋಪುರದಂತೆ ನಿಂತಿರುವುದು ಕಾಣುತ್ತದೆ. ಗೋಪುರದ ಗೋಡೆಯನ್ನು ಸೂಜಿಯಿಂದ ಬಿಡಿಸಿದರೆ ಒಳಗೆ ತುದಿಯಲ್ಲಿ ಮಾಸಲು ಹಳದಿ ಪುಡಿ ಮುದ್ದೆಯಾಗಿರುತ್ತದೆ. ಒದ್ದೆ ಮಾಡಿದ ಬ್ರಷ್ ಕೂದಲಿನ ತುದಿಗೆ ಅದನ್ನು ಅಂಟಿಸಿಕೊಂಡು, ಇನ್ನೊಂದು ಹೂವಿನ ಗೋಪುರದ ಎರಡು ಕೋಶಗಳ ನಡುವಿನ ಸೀಳಿನಲ್ಲಿ ಬುಡದ ಕಡೆಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ. ಪರಾಗ ಹಿಡಿಯುವ ಜಾಗ ಶಲಾಕಾಗ್ರದ (ಹೂವಿನ ಹೆಣ್ಣುಭಾಗದ ತುದಿ) ತಲೆಯ ಕೆಳಗಿದೆ. ಮೇಲಿನಿಂದ ಸವರಿದರೆ ಏನೂ ಆಗದಿರುವುದು ಇದಕ್ಕೇ. ಕೂಡಿಬಂದರೆ ಕೋಡಿನಂಥ ಜೋಡಿ ಕಾಯಿ ಎರಡು ಮೂರು ತಿಂಗಳಲ್ಲಿ ಬಲಿಯುತ್ತದೆ. ಬಲಿಯುವ ಮುಂಚೆಯೇ ಕಾಯಿಯನ್ನು ದಾರದಿಂದ ಸುತ್ತಿ ಕಟ್ಟಿಡಿ. ಬೀಜದ ಎರಡೂ ತುದಿಗೆ ರೇಷ್ಮೆಯ ಕುಚ್ಚಿರುವುದರಿಂದ ಕಾಯಿ ಬಿರಿದ ಮಧ್ಯಾಹ್ನವೇ ಎಲ್ಲ ಹಾರಿಹೋಗಿರುತ್ತದೆ.

ಬಿತ್ತಿದ ದಿನವೇ ಪಟ್ಟಿ ಚುಚ್ಚಿಡಿ: ತಾಯಿ, ತಂದೆ, ವರ್ಷ. ಮಾರ್ಕರ್ ಪೆನ್ನಿನ ಬರಹ ಎರಡು ಬೇಸಿಗೆಗೆ ಅಳಿಸುತ್ತದೆ, ಪೆನ್ಸಿಲ್ಲಿನದು ಉಳಿಯುತ್ತದೆ. ಕುಂಡ ಬದಲಿಸುವಾಗ ಪಟ್ಟಿ ಕಳೆಯುವುದು ಸಾಮಾನ್ಯವಾದ್ದರಿಂದ ಅದರ ನಕಲನ್ನು ಮಣ್ಣಿನೊಳಗೂ ಹೂತಿಡಿ.